ಚಿಕ್ಕಮ್ಮನ ಟ್ಯಾಂಕಿನ ಮೀನಿಗೆ ಹೆಸರು ಹುಡುಕಿದ್ದು

ಎರಡಿಂಚಿನ ಮರಿ. ಕಪ್ಪು ಮೈ, ಒರಟು ಚರ್ಮ. ಗಾಜಿಗೆ ಬಾಯಿ ಅಂಟಿಸ್ಕೊಂಡು ಅಲ್ಲಾಡದೆ ನಿಂತಿರುತ್ತೆ. ‘ಏನಿದು?’ ಅಂತ ಕೇಳಿದ್ರೆ ಅಂಗಡಿಯವರು ‘ಸಕ್ಕರ್ ಸಾರ್, ಪಾಚಿ ತಿನ್ನುತ್ತೆ, ಟ್ಯಾಂಕ್ ತೊಳೆಯೋ ಕೆಲಸಾನೇ ಇರಲ್ಲ’ ಅಂತಾರೆ. ಕೆಲವರು ಟ್ಯಾಂಕ್ ಕ್ಲೀನರ್ ಅಂತಾರೆ, ಇನ್ನು ಕೆಲವರು ಪ್ಲೆಕೊ. ಅಕ್ವೇರಿಯಂ ಲೋಕದಲ್ಲಿ ಮೀನಿಗೆ ಹೆಸರಿರೋದಿಲ್ಲ, ಅಡ್ಡಹೆಸರಿರುತ್ತೆ. ಗೋಲ್ಡ್ ಫಿಶ್ ಜೊತೆ ಒಂದು ಸಕ್ಕರ್ ಕವರಿಗೆ ಬಿದ್ದು ಮನೆಗೆ ಬರುತ್ತೆ, ಅದು ಯಾವ ಜಾತಿ, ಎಲ್ಲಿಯದು, ಎಷ್ಟು ಬೆಳೆಯುತ್ತೆ ಅಂತ ಯಾರೂ ಕೇಳಲ್ಲ.

ಹುಣಸೂರಿನ ನಮ್ಮ ಚಿಕ್ಕಪ್ಪನ ಮನೆಗೂ ಅದು ಹಾಗೇ ಬಂದದ್ದು. ಚಿಕ್ಕಪ್ಪನ ಮಗ ಕಾಲೇಜಿಗೆ ಹೋಗ್ತಿದ್ದಾಗ ಮೈಸೂರಿಂದ ತಂದಿದ್ದ. ಮೂರು ವರ್ಷ ಕಳೀತು. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಹೋದ. ಗೋಲ್ಡ್ ಫಿಶ್‌ಗಳು ಒಂದೊಂದಾಗಿ ಹೋದವು. ಉಳಿದದ್ದು ಇದೊಂದೇ, ಹದಿಮೂರು ಇಂಚು. ಮೂರಡಿ ಉದ್ದದ, ಒಂದಡಿ ಅಗಲದ ಟ್ಯಾಂಕ್ ಅದು, ನೂರು ಲೀಟರ್ ನೀರು ಹಿಡಿದ್ರೆ ಹೆಚ್ಚು. ಮೀನು ತಿರುಗಬೇಕಂದ್ರೆ ಬಸ್ ಸ್ಟ್ಯಾಂಡಲ್ಲಿ ಕೆಂಪು ಬಸ್ ರಿವರ್ಸ್ ತಗೊಂಡ ಹಾಗೆ. ರಾತ್ರಿ ಲೈಟ್ ಆರಿಸಿದ ಮೇಲೆ ಅದು ಬಾಲ ಬೀಸಿದ್ರೆ ಮುಚ್ಚಳ ಎದ್ದು ಬೀಳೋ ಶಬ್ದ ಕೋಣೆಗೆಲ್ಲ ಕೇಳ್ತಿತ್ತು.

ಚಿಕ್ಕಮ್ಮ ಫೋನ್ ಮಾಡಿದ್ದು ಒಂದು ಭಾನುವಾರ. ‘ಸೋಮವಾರ ಹೊಳೇಗೆ ಬಿಟ್ಬಿಡೋಣ ಅಂತಿದೀನಿ ಕಣಪ್ಪ. ಮೂರು ವರ್ಷ ಕೈಯಾರೆ ತಿನ್ನೋಕೆ ಹಾಕಿದೀನಿ, ಕೊಲ್ಲೋಕಾಗುತ್ತಾ? ಲಕ್ಷ್ಮಣತೀರ್ಥದಲ್ಲಿ ನೆಮ್ಮದಿಯಾಗಿ ಇರ್ಲಿ, ನಮಗೂ ಒಂದಿಷ್ಟು ಪುಣ್ಯ.’ ನಾನು ಒಂದೇ ಮಾತು ಕೇಳಿಕೊಂಡೆ: ‘ಚಿಕ್ಕಮ್ಮ, ಒಂದು ವಾರ ತಡೀರಿ. ಅದು ಯಾವ ಮೀನು ಅಂತ ಮೊದಲು ತಿಳ್ಕೊಳ್ಳೋಣ.’

ಕಾರಣ ಇಷ್ಟೇ. ಲಕ್ಷ್ಮಣತೀರ್ಥ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪು ಜಲಪಾತ ಇಳಿದು, ನಾಗರಹೊಳೆ ಕಾಡಿನ ಅಂಚು ಬಳಸಿ ಹುಣಸೂರಿಗೆ ಬರುತ್ತೆ. ಇಲ್ಲಿಂದ ಮುಂದೆ ಕೃಷ್ಣರಾಜಸಾಗರದ ಹಿನ್ನೀರಲ್ಲಿ ಕಾವೇರಿ ಸೇರುತ್ತೆ. ಹುಣಸೂರಿನ ಸೇತುವೆ ಹತ್ತಿರ ಬಿಟ್ಟ ಮೀನಿಗೆ ಕೆ.ಆರ್. ನಗರದ ಕಡೆಯ ಹಿನ್ನೀರು ದೂರ ಏನಲ್ಲ. ಅಂದ್ಮೇಲೆ ಹೆಸರು ಗೊತ್ತಿರಬೇಕು ತಾನೆ?

ಮೊದಲು ಫೋನು ಹೇಳಿದ್ದು

ಚಿಕ್ಕಮ್ಮ ಕಳಿಸಿದ ಫೋಟೊವನ್ನ ಒಂದು ಆ್ಯಪ್‌ಗೆ ಹಾಕಿದೆ. ಕಣ್ಣು ಮಿಟುಕಿಸೋದ್ರೊಳಗೆ ಉತ್ತರ ಬಂತು: ಹೈಪೊಸ್ಟೊಮಸ್ ಪ್ಲೆಕೊಸ್ಟೊಮಸ್. ಅಕ್ವೇರಿಯಂ ಪುಸ್ತಕಗಳಲ್ಲೂ ‘ಕಾಮನ್ ಪ್ಲೆಕೊ’ ಅಂದ್ರೆ ಇದೇ ಹೆಸರು ಬಹಳ ಕಾಲ ಅಚ್ಚಾಗ್ತಾ ಬಂದಿದೆ. ಈ ಹೆಸರಿಗೆ ದೊಡ್ಡ ಇತಿಹಾಸ ಇದೆ. 1758ರಲ್ಲಿ ಲಿನೇಯಸ್ ಇದನ್ನ ವರ್ಣಿಸಿದಾಗ ಮೈಮೇಲಿನ ಮೂಳೆಯ ಫಲಕಗಳನ್ನ ನೋಡಿ ಸ್ಟರ್ಜನ್ ಮೀನಿನ ಕುಲಕ್ಕೆ ಸೇರಿಸಿದ್ದರು. ಸ್ಟರ್ಜನ್ ಅಂದ್ರೆ ಕ್ಯಾವಿಯರ್ ಕೊಡೋ ಮೀನು, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಪ್ಲೆಕೊಸ್ಟೊಮಸ್ ಅಂದ್ರೆ ‘ಮಡಿಚಿದ ಬಾಯಿ’. ಆ ಹೆಸರು ಮಾತ್ರ ಇವತ್ತಿಗೂ ಉಳಿದಿದೆ.

ಆದ್ರೆ ಆ್ಯಪ್ ಬಣ್ಣ ನೋಡುತ್ತೆ, ರೆಕ್ಕೆ ಎಣಿಸೋದಿಲ್ಲ. ಈ ಮೀನುಗಳ ವಿಷಯದಲ್ಲಿ ಗುಟ್ಟು ಇರೋದು ಬೆನ್ನಿನ ರೆಕ್ಕೆಯಲ್ಲಿ. ಬೆನ್ನಿನ ರೆಕ್ಕೆಯ ಮುಂದೆ ಒಂದು ಗಟ್ಟಿ ಮುಳ್ಳು ಇರುತ್ತೆ, ಅದರ ಹಿಂದೆ ಕೊಡೆಯ ಕಡ್ಡಿಗಳ ಹಾಗೆ ಮೆತ್ತನೆ ಕಡ್ಡಿಗಳು. ಹೈಪೊಸ್ಟೊಮಸ್ ಕುಲವಾದ್ರೆ ಮೆತ್ತನೆ ಕಡ್ಡಿ 7. ಟೆರಿಗೊಪ್ಲಿಕ್ತಿಸ್ ಕುಲವಾದ್ರೆ 9ರಿಂದ ಮೇಲೆ, 14ರ ತನಕ. ಅದಕ್ಕೇ ಇದರ ರೆಕ್ಕೆ ಬಿಚ್ಚಿದಾಗ ಹಾಯಿದೋಣಿಯ ಹಾಯಿ ಥರ ಅಗಲವಾಗಿ ಕಾಣುತ್ತೆ, ಇಂಗ್ಲಿಷಲ್ಲಿ ‘ಸೇಲ್‌ಫಿನ್’ ಅನ್ನೋದೂ ಅದಕ್ಕೇ. ಎರಡೂ ದಕ್ಷಿಣ ಅಮೆರಿಕದ ಮೀನುಗಳೇ, ಎರಡೂ ಲೊರಿಕಾರಿಡೆ ಅನ್ನೋ ಒಂದೇ ಕುಟುಂಬ.

ನಮ್ಮ ಊರ ಕ್ಯಾಟ್‌ಫಿಶ್‌ಗಳನ್ನ ನೋಡಿದವರಿಗೆ ಈ ಕುಟುಂಬ ವಿಚಿತ್ರ ಅನ್ಸುತ್ತೆ. ನಮ್ಮ ಬಾಳೆ ಮೀನು, ಚೇಳು ಮೀನು, ಮುರುಗೋಡು ಎಲ್ಲಾ ನುಣ್ಣಗೆ, ಮೈಮೇಲೆ ಪೊರೆ ಇಲ್ಲ, ಹಿಡಿದ್ರೆ ಜಾರ್ತವೆ, ಉದ್ದುದ್ದ ಮೀಸೆ. ಇದಕ್ಕೂ ಪೊರೆ ಇಲ್ಲ, ಬದಲಿಗೆ ಮೂಳೆಯ ಫಲಕಗಳ ಸಾಲು, ಕವಚ ತೊಟ್ಟ ಹಾಗೆ. ಹೊಟ್ಟೆ ಕಡೆ ಮಾತ್ರ ಚಪ್ಪಟೆ. ಮೀಸೆಯೂ ಇದೆ, ಬಾಯಿಯ ಎರಡು ಮೂಲೆಯಲ್ಲಿ ಚಿಕ್ಕದಾಗಿ, ಹುಡುಕಬೇಕು.

ಹಿಟ್ಟಿನ ಡಬ್ಬದಲ್ಲಿ ತಪಾಸಣೆ

ಮುಂದಿನ ಶನಿವಾರ ಹುಣಸೂರಿಗೆ ಹೋದೆ. ಚಿಕ್ಕಮ್ಮ ರಾಗಿ ಹಿಟ್ಟು ತುಂಬಿಡೋ ದೊಡ್ಡ ಪಾರದರ್ಶಕ ಡಬ್ಬ ಖಾಲಿ ಮಾಡಿ ತೊಳೆದು ಇಟ್ಟಿದ್ರು. (‘ಆಮೇಲೆ ಇದನ್ನ ಅಡುಗೆಮನೆ ಒಳಗೆ ತರಬೇಡ’ ಅಂತ ಷರತ್ತು.) ಬಲೆಯಲ್ಲಿ ಇದನ್ನ ಎತ್ತಬಾರದು, ಎದೆ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡ್ರೆ ಕತ್ತರಿ ಬೇಕಾಗುತ್ತೆ. ಒದ್ದೆ ಟವೆಲ್ ಹಾಕಿ ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಡಬ್ಬಕ್ಕೆ ಬಿಟ್ವಿ. ಎರಡು ನಿಮಿಷ ಸುಮ್ಮನಿತ್ತು, ಆಮೇಲೆ ಬೆನ್ನಿನ ರೆಕ್ಕೆ ನಿಗುರಿಸ್ತು. ಆ ಕ್ಷಣಕ್ಕೆ ಫೋಟೊ. ಜೂಮ್ ಮಾಡಿ ಎಣಿಸಿದೆ. ಚಿಕ್ಕಪ್ಪ ಕನ್ನಡಕ ಏರಿಸಿ ಇನ್ನೊಮ್ಮೆ ಎಣಿಸಿದ್ರು. ಮುಳ್ಳು ಬಿಟ್ಟು 12. ಆ್ಯಪ್ ಹೇಳಿದ್ದು ಅಲ್ಲಿಗೆ ಬಿತ್ತು. ಇದು ಟೆರಿಗೊಪ್ಲಿಕ್ತಿಸ್.

ಕುಲ ಸಿಕ್ತು, ಜಾತಿ ಯಾವುದು? ವ್ಯಾಪಾರದಲ್ಲಿ ಓಡಾಡೋ ನಾಲ್ಕು ಹೆಸರುಗಳಿವೆ. ಮೊದಲನೇದು ಗಿಬ್ಬಿಸೆಪ್ಸ್: ಚಿರತೆಯ ಹಾಗೆ ದೊಡ್ಡ ಮಚ್ಚೆ, ಮೂಗಿನ ಹೊಳ್ಳೆಗಳು ಉಬ್ಬಿರುತ್ತವೆ, ತಲೆಯ ಹಿಂದೆ ಏಣು ಎದ್ದಿರುತ್ತೆ. ನಮ್ಮದರ ಮೂಗು ಹಾಗಿರ್ಲಿಲ್ಲ, ತೆಗೆದು ಹಾಕಿದೆ. ಉಳಿದ ಮೂರನ್ನ ಬೇರೆ ಮಾಡೋದು ಹೊಟ್ಟೆಯ ಮೇಲಿನ ಚಿತ್ತಾರ. ಮಲ್ಟಿರೇಡಿಯೇಟಸ್ ಆದ್ರೆ ಹೊಟ್ಟೆ ಮೇಲೆ ಕೊಂಚ ದೊಡ್ಡ, ಒಂದಕ್ಕೊಂದು ಅಂಟದ ಚುಕ್ಕೆಗಳು. ಪಾರ್ಡಾಲಿಸ್ ಆದ್ರೂ ಚುಕ್ಕೆಗಳೇ, ಹೆಚ್ಚಿನವು ಬಿಡಿಬಿಡಿಯಾಗಿ. ತಲೆ ಮೇಲೆ ಜಾಲರಿ ಥರ ಗೆರೆಗಳೂ ಕಾಣಬಹುದು. ಡಿಸ್‌ಜಂಕ್ಟಿವಸ್ ಆದ್ರೆ ಚುಕ್ಕೆಗಳು ಒಂದಕ್ಕೊಂದು ಸೇರಿ ಎರೆಹುಳ ಹರಿದ ಹಾಗೆ ಅಂಕುಡೊಂಕು ಗೆರೆಗಳಾಗಿರ್ತವೆ. ಪಾರ್ಡಾಲಿಸ್ ಹೆಸರು 1855ರದ್ದು, ಡಿಸ್‌ಜಂಕ್ಟಿವಸ್ 1991ರಲ್ಲಿ ಹೆಸರಾದದ್ದು.

ಹೊಟ್ಟೆ ನೋಡೋಕೆ ಮೀನನ್ನ ಮಗುಚಬೇಕಿಲ್ಲ. ಅದೇ ಬಂದು ಡಬ್ಬದ ಗೋಡೆಗೆ ಬಾಯಿ ಅಂಟಿಸಿ ನಿಲ್ಲುತ್ತೆ, ಆಗ ಹೊರಗಿಂದ ಕ್ಯಾಮೆರಾ ಇಟ್ರೆ ಸಾಕು. ನಮ್ಮ ಮೀನೂ ನಿಂತ್ಕೊಳ್ತು. ಎದೆಯ ಕಡೆ ಬಿಡಿ ಚುಕ್ಕೆ. ಹಿಂದಕ್ಕೆ ಬರ್ತಾ ಬರ್ತಾ ಚುಕ್ಕೆಗಳು ಕೈ ಕೈ ಹಿಡ್ಕೊಂಡು ಗೆರೆಯಾಗಿವೆ. ಅರ್ಧ ಪಾರ್ಡಾಲಿಸ್, ಅರ್ಧ ಡಿಸ್‌ಜಂಕ್ಟಿವಸ್!

ಇದು ನಮ್ಮೊಬ್ಬರ ಮನೆಯ ಕಗ್ಗಂಟಲ್ಲ. ಏಷ್ಯಾದ ಹೊಳೆಗಳಲ್ಲಿ ನೆಲೆ ಊರಿರೋ ಈ ಮೀನುಗಳಲ್ಲಿ ಎರಡೂ ಚಿತ್ತಾರ ಬೆರೆತವು ಸಾಕಷ್ಟು ಸಿಗ್ತವೆ. ಎರಡು ಜಾತಿ ಕೂಡಿ ಮಿಶ್ರತಳಿ ಹುಟ್ಟಿರಬಹುದು ಅನ್ನೋದು ಸಂಶೋಧಕರ ಊಹೆ. ಡಿಎನ್ಎ ಪರೀಕ್ಷೆ ಮಾಡಿದ್ರೂ ಇಲ್ಲೊಂದು ತೊಡಕಿದೆ: ಜಾತಿ ಗುರುತಿಸೋಕೆ ಸಾಮಾನ್ಯವಾಗಿ ಓದೋ ‘ಬಾರ್‌ಕೋಡ್’ ಇರೋದು ಮೈಟೊಕಾಂಡ್ರಿಯಾದಲ್ಲಿ, ಅದು ಬರೋದು ತಾಯಿಯಿಂದ ಮಾತ್ರ. ಅಪ್ಪ ಯಾರು ಅಂತ ಅದು ಹೇಳೋದೇ ಇಲ್ಲ. ಅದಕ್ಕೇ ಎಷ್ಟೋ ಪ್ರಬಂಧಗಳು ‘ಟೆರಿಗೊಪ್ಲಿಕ್ತಿಸ್ ಪ್ರಭೇದಗಳು’ ಅಂತ ಬಹುವಚನದಲ್ಲಿ ಬರೆದು ಮುಂದೆ ಹೋಗ್ತವೆ. ನಾನೂ ಅಲ್ಲಿಗೇ ನಿಂತೆ. ‘ಇಷ್ಟೆಲ್ಲಾ ಮಾಡಿ ಹೆಸರು ಸಿಗ್ಲಿಲ್ವಾ?’ ಅಂದ್ರು ಚಿಕ್ಕಮ್ಮ. ಹೊಳೆಗೆ ಬಿಡಬೇಕೋ ಬೇಡವೋ ಅನ್ನೋಕೆ ಕುಲದ ಹೆಸರೇ ಸಾಕು ಅಂದೆ.

ಹೆಸರಿಲ್ಲದೆ ಎಷ್ಟು ಕಾಲ ಬೇಕಾದ್ರೂ ಇರಬಹುದು

ಮೀನಿಗೆ ಸರಿಯಾದ ಹೆಸರು ಸಿಗೋದು ಅಷ್ಟು ಸುಲಭವೂ ಅಲ್ಲ ಅನ್ನೋಕೆ ಇಲ್ಲೊಂದು ಮಾತು. ಅಂಗಡಿಗಳಲ್ಲಿ ಗಾಜಿನ ಹಾಗೆ ಪಾರದರ್ಶಕವಾಗಿ, ಮೂಳೆ ಕಾಣೋ ‘ಗ್ಲಾಸ್ ಕ್ಯಾಟ್‌ಫಿಶ್’ ನೋಡಿರ್ತೀರಿ. ದಶಕಗಳ ಕಾಲ ಜಗತ್ತೆಲ್ಲ ಮಾರಾಟವಾದ ಆ ಮೀನು ಬೇರೆ ಜಾತಿಗಳ ಹೆಸರಲ್ಲೇ ಓಡಾಡ್ತಿತ್ತು. ಅದಕ್ಕೆ ಸ್ವಂತ ಹೆಸರು, ಕ್ರಿಪ್ಟಾಪ್ಟೆರಸ್ ವಿಟ್ರಿಯೋಲಸ್ ಅಂತ, ಸಿಕ್ಕಿದ್ದು 2013ರಲ್ಲಿ. ದಕ್ಷಿಣ ಅಮೆರಿಕದ ಈ ಕವಚದ ಮೀನುಗಳಂತೂ ಹೆಸರಿಡೋಕಿಂತ ವೇಗವಾಗಿ ಅಂಗಡಿಗೆ ಬರ್ತಿದ್ದವು. ಹಾಗಾಗಿ 1988ರಲ್ಲಿ ಒಂದು ಜರ್ಮನ್ ಪತ್ರಿಕೆ ಎಲ್-1, ಎಲ್-2 ಅಂತ ನಂಬರ್ ಕೊಡೋಕೆ ಶುರುಮಾಡ್ತು. ಇವತ್ತಿಗೂ ಹವ್ಯಾಸಿಗಳು ‘ಎಲ್-46 ಇದೆಯಾ?’ ಅಂತಲೇ ಕೇಳೋದು. ಅದು ಬ್ರೆಜಿಲ್‌ನ ಶಿಂಗು ನದಿಯ ಕಪ್ಪುಬಿಳಿ ಪಟ್ಟೆಯ ಜೀಬ್ರಾ ಪ್ಲೆಕೊ.

ಅಷ್ಟು ದೂರ ಯಾಕೆ, ನಮ್ಮ ಕಾವೇರಿಯ ಕಥೆಯೇ ಇದೆ. ಕಿತ್ತಳೆ ಬಣ್ಣದ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಬ್ರಿಟಿಷರ ಕಾಲದಿಂದಲೂ ಗಾಳ ಹಾಕೋರಿಗೆ ಗೊತ್ತಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದ್ರೆ ಸುಮಾರು 54 ಕೆ.ಜಿ. ತೂಕದ್ದನ್ನ ಹಿಡಿದದ್ದು ದಾಖಲೆ. ಇಷ್ಟು ಹೆಸರುವಾಸಿ ಮೀನಿಗೆ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾದದ್ದು 2018ರಲ್ಲಿ. ಖಚಿತವಾದ ಮೇಲೇ ಅದನ್ನ ಅಳಿವಿನಂಚಿನ ಪಟ್ಟಿಯಲ್ಲಿ ಅತಿ ಗಂಭೀರ ವರ್ಗಕ್ಕೆ ಸೇರಿಸೋಕಾದದ್ದು. ಹೆಸರಿಲ್ಲದ ಮೀನನ್ನ ಯಾವ ಪಟ್ಟಿಗೆ ಅಂತ ಸೇರಿಸ್ತೀರಿ? ಕಾವೇರಿ ಕೊಳ್ಳದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಕ್ಯಾಟ್‌ಫಿಶ್ ಕೂಡ ಒಂದಿದೆ, ಹೆಮಿಬ್ಯಾಗ್ರಸ್ ಪಂಕ್ಟೇಟಸ್. 1849ರಲ್ಲಿ ಜೆರ್ಡನ್ ವರ್ಣಿಸಿದ್ದು. ಅದೂ ಅದೇ ಅತಿ ಗಂಭೀರ ಪಟ್ಟಿಯಲ್ಲಿದೆ. ಚಿಕ್ಕಮ್ಮ ಸಕ್ಕರ್ ಬಿಡಬೇಕೂಂತಿದ್ದದ್ದು ಇವುಗಳ ಮನೆಗೆ.

ಬಲೆ ಹಾಕೋರ ಲೆಕ್ಕ

ಚಿಕ್ಕಪ್ಪನಿಗೆ ಪರಿಚಯದ ಒಬ್ಬರು ಹಿನ್ನೀರಲ್ಲಿ ತೆಪ್ಪ ಹಾಕಿ ಮೀನು ಹಿಡೀತಾರೆ. ಸಂಜೆ ಮನೆಗೆ ಬಂದಿದ್ರು. ಟ್ಯಾಂಕ್ ಮುಂದೆ ಕುಕ್ಕರಗಾಲಲ್ಲಿ ಕೂತು ಸುಮಾರು ಹೊತ್ತು ನೋಡಿದ್ರು. ‘ನಮ್ ಬಲೇಗೆ ಇದು ಇನ್ನೂ ಬಿದ್ದಿಲ್ಲ ಸಾ. ಈ ಮುಳ್ಳು ನೋಡಿ, ಬಲೆ ಒಳಗೆ ಹೋದ್ರೆ ಬಲೆ ಉಳೀತದಾ? ತಿನ್ನಕ್ಕೂ ಆಗಲ್ಲ, ಮಾರಕ್ಕೂ ಆಗಲ್ಲ. ದಯಮಾಡಿ ಬುಡಬೇಡಿ.’ ನಾನು ಓದಿಕೊಂಡು ಹೋದದ್ದೆಲ್ಲ ಅವರ ಆ ನಾಲ್ಕು ಮಾತಲ್ಲಿ ಬಂದುಬಿಟ್ಟಿತ್ತು.

ಬೇರೆ ಕಡೆ ಆದದ್ದೂ ಅದೇ. ಮೆಕ್ಸಿಕೊದ ಇನ್‌ಫಿಯೆರ್ನಿಯೊ ಜಲಾಶಯ ಒಂದು ಕಾಲಕ್ಕೆ ಆ ದೇಶದ ದೊಡ್ಡ ಸಿಹಿನೀರು ಮೀನುಗಾರಿಕೆಯ ಜಾಗ. ಈ ಕವಚದ ಮೀನು ಹೊಕ್ಕ ಮೇಲೆ ಬಲೆಯಲ್ಲಿ ತಿಲಾಪಿಯಕ್ಕಿಂತ ಇದೇ ಹೆಚ್ಚು ಬರೋ ಸ್ಥಿತಿ ಆಯ್ತು. ಫಿಲಿಪ್ಪೀನ್ಸ್‌ನ ಲಗೂನಾ ಸರೋವರದಲ್ಲಿ ಇದಕ್ಕೆ ‘ಜ್ಯಾನಿಟರ್ ಫಿಶ್’ ಅಂತ ಹೆಸರು, ಪ್ರೀತಿಯಿಂದ ಇಟ್ಟಿದ್ದಲ್ಲ. ನಮ್ಮಲ್ಲಿ, ಕೇರಳದ ನೀರಿಗೆ ಇದು ಹೊಕ್ಕ ಬಗ್ಗೆ ಅಲ್ಲಿನ ಸಂಶೋಧಕರು 2015ರಲ್ಲಿ ವಿವರವಾಗಿ ಬರೆದಿದ್ದಾರೆ. 2020ರ ಸೆಪ್ಟೆಂಬರಲ್ಲಿ ವಾರಾಣಸಿಯ ಗಂಗೆಯಲ್ಲಿ ಸಿಕ್ಕಿ, ಅಮೆಜಾನ್ ಮೀನು ಇಲ್ಲಿಗೆ ಹೇಗೆ ಬಂತು ಅಂತ ದೊಡ್ಡ ಸುದ್ದಿಯಾಗಿತ್ತು. ಆಂಧ್ರದ ಮೀನುಗಾರರು ಇದನ್ನ ದೆವ್ವದ ಮೀನು ಅಂತಲೇ ಕರೆಯೋದು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮೀನು ಹಿಡಿಯದೆಯೇ, ಬರೀ ನೀರಿನ ಮಾದರಿಯಲ್ಲಿ ಇರೋ ಡಿಎನ್ಎ ನೋಡಿ ಪೂರ್ವಘಟ್ಟದ ಯಾವ ಕೆರೆ-ಹೊಳೆಗಳಲ್ಲಿ ಇದು ಸೇರಿದೆ ಅಂತ ಪತ್ತೆ ಮಾಡ್ತಿದ್ದಾರೆ.

ಇದು ಇಷ್ಟು ಗಟ್ಟಿ ಯಾಕೆ? ನೀರಲ್ಲಿ ಆಮ್ಲಜನಕ ಕಮ್ಮಿಯಾದ್ರೆ ಮೇಲೆ ಬಂದು ಗಾಳಿ ನುಂಗುತ್ತೆ, ಆ ಗಾಳಿಯನ್ನ ಹೊಟ್ಟೆಯಲ್ಲೇ ಹೀರಿಕೊಳ್ಳುತ್ತೆ. ಜಠರವೇ ಶ್ವಾಸಕೋಶ. ಚರಂಡಿ ನೀರಾದ್ರೂ ಬದುಕುತ್ತೆ, ನೀರಿನ ಹೊರಗೆ ಗಂಟೆಗಟ್ಟಲೆ ಇದ್ರೂ ಸಾಯಲ್ಲ. ಮೊಟ್ಟೆ ಇಡೋಕೆ ದಂಡೆಯ ಮಣ್ಣಲ್ಲಿ ಒಂದು ಮೀಟರಿಗೂ ಆಳವಾಗಿ ಬಿಲ ಕೊರೆಯುತ್ತೆ, ಗಂಡು ಮೀನು ಒಳಗೆ ಕಾವಲು ಕೂರುತ್ತೆ. ಇದನ್ನ ಕೇಳಿದಾಗ ಚಿಕ್ಕಪ್ಪ ಎದ್ದು ಕೂತ್ರು. ಹುಣಸೂರು, ಪಿರಿಯಾಪಟ್ಟಣದ ಸುತ್ತ ಇರೋ ಕೆರೆಗಳಿಗೆಲ್ಲ ಮಣ್ಣಿನ ಏರಿ. ಹೆಗ್ಗಣದ ಬಿಲಕ್ಕೇ ಏರಿ ಸೋರುತ್ತೆ ಅಂತ ಊರಿನೋರು ಎಷ್ಟು ಒದ್ದಾಡ್ತಾರೆ ಅನ್ನೋದು ಅವರಿಗೆ ಗೊತ್ತು. ನೀರಿನ ಕೆಳಗಿನ ಬಿಲ ಯಾರ ಕಣ್ಣಿಗೆ ಬೀಳುತ್ತೆ?

ಹಕ್ಕಿಗಳಿಗೂ ಇದು ಸುಲಭದ ತುತ್ತಲ್ಲ. ಪೋರ್ಟೊರಿಕೊದಲ್ಲಿ ಪೆಲಿಕನ್‌ಗಳು ಈ ಮೀನು ನುಂಗೋಕೆ ಹೋಗಿ, ಮುಳ್ಳು ಗಂಟಲಲ್ಲಿ ಸಿಕ್ಕಿ ಸತ್ತ ದಾಖಲೆ ಇದೆ. ಕೊಕ್ಕರೆಬೆಳ್ಳೂರು, ರಂಗನತಿಟ್ಟಿನ ಹೆಜ್ಜಾರ್ಲೆಗಳು ಮೀನು ತಿನ್ನೋದು ಇದೇ ಕಾವೇರಿ ಸೀಮೆಯ ನೀರಲ್ಲಿ.

ಪಾಚಿ ತಿಂದು ಟ್ಯಾಂಕ್ ಚೊಕ್ಕಟ ಇಡುತ್ತೆ ಅನ್ನೋ ಮಾತಿಗೆ ಬಂದ್ರೆ, ಮರಿಯಾಗಿದ್ದಾಗ ಒಂದಿಷ್ಟು ನಿಜ. ಬೆಳೆದ ಮೇಲೆ ಅದು ತಿನ್ನೋದಕ್ಕಿಂತ ಗಲೀಜು ಮಾಡೋದೇ ಹೆಚ್ಚು. ಸುರುಳಿ ಸುತ್ತಿದ ಉದ್ದನೆ ಕರುಳು, ದಿನವಿಡೀ ದಾರದಂಥ ಹಿಕ್ಕೆ. ಚಿಕ್ಕಮ್ಮ ವಾರಕ್ಕೆರಡು ಸಲ ಬಕೆಟ್ ಹೊತ್ತದ್ದು ಅದಕ್ಕೇ.

ಹಾಗಾದ್ರೆ ಏನು ಮಾಡೋದು?

ಚಿಕ್ಕಮ್ಮನ ಪ್ರಶ್ನೆ ಅದೇ ಆಗಿತ್ತು. ಹೊಳೆ ಬೇಡ, ಕೆರೆ ಬೇಡ, ದೇವಸ್ಥಾನದ ಕಲ್ಯಾಣಿಯೂ ಬೇಡ (ಜೋರು ಮಳೆಗೆ ಕಲ್ಯಾಣಿ ತುಂಬಿ ಹರಿದ್ರೆ ಮುಗೀತು, 2018ರ ಪ್ರವಾಹದಲ್ಲಿ ಕೇರಳದ ಹೊಳೆಗಳಿಗೆ ಅರಪೈಮಾದಂಥ ದೈತ್ಯ ಮೀನುಗಳು ಸೇರಿದ್ದು ಸಾಕಣೆ ಕೊಳಗಳಿಂದಲೇ). ಹಿಂದಕ್ಕೆ ಕೊಡೋಣ ಅಂದ್ರೆ ತಂದ ಅಂಗಡಿಯವರು ‘ದೊಡ್ಡದು ನಾವು ತಗೊಳ್ಳಲ್ಲ’ ಅಂದ್ರು. ಲವಂಗದ ಎಣ್ಣೆ ಹಾಕಿ ನೋವಿಲ್ಲದೆ ಪ್ರಾಣ ಬಿಡಿಸೋ ಕ್ರಮ ಇದೆ, ಪಶುವೈದ್ಯರಿಗೂ ಅದು ಗೊತ್ತು. ಆದ್ರೆ ಆ ಮಾತನ್ನ ನಾನು ಅರ್ಧ ಹೇಳೋದ್ರೊಳಗೆ ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋದ್ರು. ಪಾತ್ರೆ ಸದ್ದು ಸ್ವಲ್ಪ ಜೋರಾಗೇ ಕೇಳ್ತು.

ನಾಲ್ಕು ದಿನ ಫೋನ್ ಮೇಲೆ ಫೋನ್. ಕೊನೆಗೆ ಮೈಸೂರಲ್ಲಿ ಒಬ್ಬರು ಹವ್ಯಾಸಿ ಸಿಕ್ಕಿದ್ರು, ಮನೆಯಲ್ಲಿ ಆರಡಿ ಉದ್ದ, ಎರಡಡಿ ಅಗಲದ ಟ್ಯಾಂಕ್, ಜೊತೆಗೆ ದೊಡ್ಡ ಫಿಲ್ಟರ್. ಅವರು ಮೊದಲು ಕೇಳಿದ್ದೇ ಬೆನ್ನಿನ ರೆಕ್ಕೆಯ ಫೋಟೊ, ಆಮೇಲೆ ಹೊಟ್ಟೆಯದ್ದು. ಕಳಿಸಿದೆ. ‘ಮಿಕ್ಸ್ ಇರಬೇಕು. ತಗೊಂಬನ್ನಿ’ ಅಂದ್ರು. ಮೀನನ್ನ ಅದೇ ಹಿಟ್ಟಿನ ಡಬ್ಬದಲ್ಲಿ, ಮುಚ್ಚಳಕ್ಕೆ ತೂತು ಮಾಡಿ, ಹಿಂದಿನ ಸೀಟಲ್ಲಿ ಇಟ್ಕೊಂಡು ಬಿಳಿಕೆರೆ, ಇಲವಾಲ ದಾಟಿ ಹೋದ್ವಿ. ಚಿಕ್ಕಮ್ಮ ದಾರಿಯುದ್ದಕ್ಕೂ ಡಬ್ಬದ ಮೇಲೆ ಕೈಯಿಟ್ಟಿದ್ರು.

ವಾಪಸ್ ಬರೋವಾಗ ಖಾಲಿ ಟ್ಯಾಂಕಿಗೆ ಏನಾದ್ರೂ ತಗೊಳ್ಳೋಣ ಅಂತ ಒಂದು ಅಂಗಡಿ ಮುಂದೆ ನಿಲ್ಲಿಸಿದ್ವಿ. ಹುಡುಗ ಬೆಳ್ಳಿ ಮೈಯ, ಚುರುಕಾಗಿ ಓಡಾಡೋ ಮೂರಿಂಚಿನ ಮೀನುಗಳನ್ನ ತೋರಿಸಿ ‘ಶಾರ್ಕ್ ಆಂಟಿ, ಜೋಡಿ ತಗೊಳ್ಳಿ, ಚೆನ್ನಾಗಿರುತ್ತೆ’ ಅಂದ. ಅದು ಪಂಗಾಸಿಯಸ್, ಅದೂ ಕ್ಯಾಟ್‌ಫಿಶ್ಶೇ, ಬೆಳೆದ್ರೆ ನಾಲ್ಕಡಿ. ನಾನು ಬಾಯಿ ಬಿಡೋಕೆ ಮುಂಚೆ ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ ಹಾಕಿಕೊಂಡು, ಟ್ಯಾಂಕಿನ ಹತ್ತಿರಕ್ಕೆ ಬಗ್ಗಿ ಕೇಳಿದ್ರು: ‘ಅಂಗಡೀಲಿ ಕರೆಯೋ ಹೆಸರು ಇರ್ಲಿ ಮಗ, ಇದರ ನಿಜವಾದ ಹೆಸರೇನು? ಎಷ್ಟುದ್ದ ಬೆಳೆಯುತ್ತೆ?’